ಎಡಗಿವಿಗೆ ನಾಲ್ವರು, ಬಲಗಿವಿಗೆ ನಾಲ್ವರು

ಚಾಮರಾಜಪೇಟೆಯ ಓದುಗರೊಬ್ಬರ ಪತ್ರ ಬಂದಿದೆ. ಸಾರಾಂಶ ಇಷ್ಟು: "ಜಾಝ್ ಬಗ್ಗೆ ನೀವು ಬರೆದದ್ದನ್ನು ಓದಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಎಲ್‌ಪಿ ತರಿಸಿದೆ. ಮಗ ಕೊಡಿಸಿದ ಸೂಟ್‌ಕೇಸ್ ಪ್ಲೇಯರ್‌ನಲ್ಲಿ ಹಾಕಿದರೆ ಎಂಟು ಜನ ಒಟ್ಟಿಗೆ ಜಗಳ ಆಡಿದ ಹಾಗಿದೆ. ಪಾತ್ರೆ ಸ್ಟ್ಯಾಂಡ್ ಬಿತ್ತೇನೋ ಅಂತ ನನ್ನ ಹೆಂಡತಿ ಅಡುಗೆಮನೆಗೆ ಓಡಿದಳು. ನಲವತ್ತು ವರ್ಷದಿಂದ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನು ಕೇಳಿದ ಕಿವಿ ನನ್ನದು. ಇಂಥದ್ದನ್ನು ದುಡ್ಡು ಕೊಟ್ಟು ಕೂಡಿಡುವವರು ಇದರಲ್ಲಿ ಏನು ಕೇಳುತ್ತಾರೆ? ಎದುರಿಗೆ ಕೂತು ಕೇಳಿದರೆ ಬೇರೆಯಾ?"

ನಮಸ್ಕಾರ. ಎಂಟು ಜನ ಅಂತ ನೀವು ಸರಿಯಾಗಿಯೇ ಎಣಿಸಿದ್ದೀರಿ. ತಪ್ಪು ನಿಮ್ಮ ಕಿವಿಯದಲ್ಲ, ಪ್ಲೇಯರಿನದು.

ಆ ತಟ್ಟೆಯನ್ನು 1960ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದರು. ಅದರಲ್ಲಿರುವುದು ಎರಡು ಪೂರ್ತಿ ತಂಡಗಳು. ಒಂದೊಂದರಲ್ಲೂ ನಾಲ್ವರು. ಇಬ್ಬರು ಊದುವವರು, ಒಬ್ಬ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಒಬ್ಬ ಡ್ರಮ್ಸ್. ಒಂದು ತಂಡವನ್ನು ಪೂರ್ತಿ ಎಡ ಚಾನೆಲ್‌ಗೆ, ಇನ್ನೊಂದನ್ನು ಪೂರ್ತಿ ಬಲ ಚಾನೆಲ್‌ಗೆ ಹಾಕಿದ್ದಾರೆ. ಎಡಕ್ಕೆ ಕೋಲ್ಮನ್, ಡಾನ್ ಚೆರ್ರಿ, ಸ್ಕಾಟ್ ಲಫಾರೊ, ಬಿಲ್ಲಿ ಹಿಗಿನ್ಸ್. ಬಲಕ್ಕೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲಾಕ್‌ವೆಲ್. ನಿಮ್ಮ ಸೂಟ್‌ಕೇಸ್‌ನಲ್ಲಿ ಎಡ ಬಲ ಸ್ಪೀಕರ್‌ಗಳ ನಡುವೆ ಹೆಚ್ಚೆಂದರೆ ಒಂದು ಗೇಣು ಇರಬಹುದು. ಎರಡು ಮದುವೆ ಮನೆಗಳ ವಾಲಗವನ್ನು ಒಂದೇ ಕಿಟಕಿಯಲ್ಲಿ ಕೇಳಿದ ಹಾಗೆ ಆಗಿದೆ ನಿಮ್ಮ ಸ್ಥಿತಿ.

ಹೀಗೆ ಮಾಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಬಲಗಡೆಯದನ್ನು ಕಿವಿಯಿಂದ ಸರಿಸಿ, ಎಡಗಡೆಯ ನಾಲ್ವರನ್ನು ಮಾತ್ರ ಕೇಳಿ. ಮಾರನೇ ದಿನ ಬಲಗಡೆಯವರನ್ನು. ಮೂರನೇ ದಿನ ಎರಡೂ ಕಿವಿ. ಅವಸರ ಬೇಡ. ಒಟ್ಟು 37 ನಿಮಿಷದ ಒಂದೇ ರಚನೆ ಅದು. ಎಲ್‌ಪಿಯ ಒಂದು ಬದಿಯಲ್ಲಿ ಹಿಡಿಸುವುದಿಲ್ಲ ಅಂತ ಮಧ್ಯದಲ್ಲಿ ಕತ್ತರಿಸಿ ಎರಡು ಬದಿಗೆ ಹಾಕಿದ್ದಾರೆ, ಅಷ್ಟೇ.

ನಿಯಮವೇ ಇಲ್ಲ ಅಂತ ನಿಮಗೆ ಅನ್ನಿಸಿತು. ಇದೆ. ಮಾಮೂಲಿ ಜಾಝ್‌ನಲ್ಲಿ ಒಂದು ಹಾಡು, ಅದರ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಒಂದು ಸುತ್ತು ಇರುತ್ತದೆ. ಆ ಸುತ್ತು ತಿರುಗುತ್ತಾ ಇರುತ್ತದೆ, ನುಡಿಸುವವರು ಅದರ ಮೇಲೆ ಮನೋಧರ್ಮ ತೋರಿಸುತ್ತಾರೆ. ಕೋಲ್ಮನ್ ಈ ಸುತ್ತನ್ನು ತೆಗೆದುಹಾಕಿದರು. ಲಯ ಬಿಡಲಿಲ್ಲ. ಬಾಸ್ ಮತ್ತು ಡ್ರಮ್ಸ್ ಹೇಗೆ ಓಡುತ್ತಿವೆ ಅಂತ ಗಮನಿಸಿ, ತೊಡೆಯ ಮೇಲೆ ಕೈ ತಾನಾಗಿ ತಾಳ ಹಾಕುತ್ತದೆ. ಸರದಿಯೂ ಇದೆ. ಒಬ್ಬರ ಸರದಿ ಬರುವ ಮುನ್ನ ಎಲ್ಲರೂ ಸೇರಿ ಮೊದಲೇ ಗೊತ್ತುಮಾಡಿಕೊಂಡ ಒಂದು ತುಣುಕು ನುಡಿಸುತ್ತಾರೆ. ಆಮೇಲೆ ಅವರು ಮುಂದೆ ಬರುತ್ತಾರೆ, ಉಳಿದವರು ಹಿಂದಿನಿಂದ ಚುಚ್ಚುತ್ತಾ, ಹುರಿದುಂಬಿಸುತ್ತಾ ಇರುತ್ತಾರೆ. ಮೊದಲು ಊದುವವರು, ಆಮೇಲೆ ಇಬ್ಬರು ಬಾಸ್‌ನವರು, ಕೊನೆಗೆ ಡ್ರಮ್ಸ್. ಕಚೇರಿಯಲ್ಲಿ ಮೃದಂಗದವರ ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗದೆ ಕೂತಿರುವ ಪೈಕಿ ನೀವಾದರೆ, ಆ ಕೊನೆಯ ಭಾಗದಿಂದಲೇ ಶುರು ಮಾಡಬಹುದು.

ಇನ್ನು ಸಂಗ್ರಹದ ವಿಷಯ. "ಎಲ್ಲರ ಬಳಿಯೂ ಇರಬೇಕಾದ ನೂರು ತಟ್ಟೆ" ಥರದ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಸಂಗೀತ ರಸಿಕರಿಗೆ ಅದಕ್ಕಿಂತ ಒಳ್ಳೆಯ ದಾರಿ ಗೊತ್ತಿದೆ. ಹಾಡುವವರ ಹೆಸರು ನೋಡದೆ, ಮೃದಂಗಕ್ಕೆ ಇವತ್ತು ಯಾರು ಅಂತ ಕೇಳಿ ಕಚೇರಿಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಇಲ್ಲೂ ಹಾಗೇ ಮಾಡಿ. ನಿಮ್ಮ ಬಲಗಿವಿಯಲ್ಲಿ ಟ್ರಂಪೆಟ್ ಊದಿದ ಫ್ರೆಡ್ಡಿ ಹಬರ್ಡ್ ಬೆನ್ನು ಹತ್ತಿ. ಅವರು ಈ ಗುಂಪಿನ ಕ್ರಾಂತಿಕಾರಿ ಅಲ್ಲ, ಹೆಚ್ಚಾಗಿ ಸಂಪ್ರದಾಯದ ಕಡೆಯವರೇ. ಆದರೂ 1964ರ ಫೆಬ್ರವರಿಯಲ್ಲಿ ಡಾಲ್ಫಿ ಅವರ 'ಔಟ್ ಟು ಲಂಚ್'ನಲ್ಲಿ ಇದ್ದಾರೆ. 1965ರ ಜೂನ್ 28ರಂದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಾವೂ ಸೇರಿ ಹನ್ನೊಂದು ಜನರ ತಂಡ ಕಟ್ಟಿ 'ಅಸೆನ್ಷನ್' ನುಡಿಸಿದಾಗ ಅಲ್ಲೂ ಇದ್ದಾರೆ. ಒಬ್ಬನೇ ಮನುಷ್ಯ ಮೂರು ಬೇರೆ ಬೇರೆ ಬಿರುಗಾಳಿಯಲ್ಲಿ ಹೇಗೆ ನಿಂತ ಅಂತ ಕೇಳುವುದಿದೆಯಲ್ಲ, ಅದು ನೂರು ತಟ್ಟೆಗಿಂತ ಜಾಸ್ತಿ ಕಲಿಸುತ್ತದೆ.

'ಅಸೆನ್ಷನ್' ಎಂದಾಗ ನನ್ನದೇ ಒಂದು ಮುಖಭಂಗ ನೆನಪಾಗುತ್ತದೆ. ಆ ದಿನ ಕೋಲ್ಟ್ರೇನ್ ತಂಡ ರಚನೆಯನ್ನು ಎರಡು ಸಲ ನುಡಿಸಿತು. ಕಂಪನಿ ಒಂದನ್ನು ಎಲ್‌ಪಿಯಾಗಿ ಬಿಟ್ಟಿತು. ಆಮೇಲೆ ಕೋಲ್ಟ್ರೇನ್ ಇನ್ನೊಂದು ಟೇಕ್ ಬೇಕೆಂದರು. ಅದೇ ಹೊದಿಕೆ, ಅದೇ ನಂಬರು ಇಟ್ಟುಕೊಂಡು ಒಳಗಿನ ಸಂಗೀತವನ್ನೇ ಬದಲಿಸಿಬಿಟ್ಟರು! ಗುರುತಿಗೆ ಅಂತ, ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗದಲ್ಲಿ 'ಎಡಿಷನ್ II' ಎಂದು ಸಣ್ಣಗೆ ಗೀಚಿದರು. ಮಾರಾಟಗಾರರೊಬ್ಬರು ಮೊದಲನೆಯದೇ ಅಂತ ಹೇಳಿ ಅದರ ಬೆಲೆಗೆ ನನಗೆ ಒಂದನ್ನು ಕೊಟ್ಟರು. ಮನೆಗೆ ಬಂದು ಟಾರ್ಚ್ ಹಿಡಿದರೆ ಆ ಗೀಚು ಕಂಡಿತು. ಒಂದು ವಾರ ಅನ್ನ ಸೇರಲಿಲ್ಲ. ಆಮೇಲೆ ಅನ್ನಿಸಿತು, ನುಡಿಸಿದವರೇ ಕೇಳಿ ಹಾಕಿಸಿದ್ದು ನನ್ನ ಬಳಿ ಇದೆ, ಅವರೇ ಬೇಡವೆಂದಿದ್ದಕ್ಕೆ ನಾನು ಅಳುತ್ತಿದ್ದೇನೆ. ಈಗ ಸಿ.ಡಿ.ಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಸೋಲೋಗಳ ಸರದಿ ಕೂಡ ಒಂದೇ ಅಲ್ಲ. ಎರಡನ್ನೂ ಕೇಳಿ. ಕೊಳ್ಳುವಾಗ ಮಾತ್ರ ಟಾರ್ಚ್ ಜೊತೆಗಿರಲಿ.

ಎಲ್ಲಿ ಸಿಗುತ್ತವೆ ಅಂದರೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ಹಿಂದಿ ಸಿನಿಮಾ ಸಿಗಬಹುದು, ಬೋನಿ ಎಂ ಸಿಗಬಹುದು. ಫ್ರೀ ಜಾಝ್ ಸ್ಯಾಕ್ಸೊಫೋನಿನ ಆಲ್ಬರ್ಟ್ ಐಲರ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಹೊರಗಿನಿಂದ ತರಿಸುವುದೇ ಗತಿ. ಅದಕ್ಕೇ ಹೇಳುವುದು, ಫೋನಿನಲ್ಲಿ ಹತ್ತು ಸಲ ಕೇಳಿ, ಹನ್ನೊಂದನೇ ಸಲಕ್ಕೂ ಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ. ನಮ್ಮೂರಿನ ಮಳೆಗಾಲಕ್ಕೆ ತಟ್ಟೆಗಳು ಬೂಷ್ಟು ಹಿಡಿಯುತ್ತವೆ. ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿ. ಅಪ್ಪನ ಕಾಲದ 78ರ ಪ್ಲೇಟುಗಳಿದ್ದರೆ ಅವನ್ನು ಸ್ಪಿರಿಟ್ ಹಾಕಿ ಒರೆಸಬೇಡಿ. ಅವು ಅರಗಿನವು, ಕರಗುತ್ತವೆ.

ನಮ್ಮೂರಿನದೇ ಒಂದು ತಟ್ಟೆ ಬೇಕೆಂದರೆ 'ಜ್ಯೋತಿ' ಹುಡುಕಿ. ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿ ಅವರ ಗಾಯನ, ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸೊಫೋನು. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಮರಿಯಾನೋ ನಾಗಸ್ವರವನ್ನೂ ಕಲಿತವರು. ಇದು ಆವಾಂಗಾರ್ಡ್, ಅಂದರೆ ಕೋಲ್ಮನ್ ಥರದ ಹೊಸ ಪ್ರಯೋಗ, ಅಂತ ನಾನು ಹಟ ಹಿಡಿಯುವುದಿಲ್ಲ. ಆದರೆ ನಿಮ್ಮ ಕಿವಿಗೂ ಕೋಲ್ಮನ್‌ಗೂ ನಡುವೆ ಒಂದು ಮೆಟ್ಟಿಲು ಬೇಕಲ್ವಾ?

ಎದುರಿಗೆ ಕೂತು ಕೇಳಿದರೆ ಬೇರೆಯಾ ಅಂತ ಕೇಳಿದ್ದೀರಿ. ಬೇರೆ. ತಟ್ಟೆಯಲ್ಲಿ ಗದ್ದಲ ಅನ್ನಿಸಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಡ್ರಮ್ಸ್‌ನವನು ಕಡ್ಡಿ ಕೆಳಗಿಟ್ಟು ಸುಮ್ನೆ ಕೂರುತ್ತಾನೆ, ಬಾಸ್‌ನವನು ಅವನತ್ತ ನೋಡಿ ಒಂದು ಸ್ವರ ಬಿಡುತ್ತಾನೆ, ಅಷ್ಟರಲ್ಲಿ ಇಡೀ ಕಚೇರಿಯ ದಿಕ್ಕು ಬದಲಾಗಿರುತ್ತದೆ. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ದೊಮ್ಮಲೂರಿನ ಬಿಐಸಿ (ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್), ಇವುಗಳ ಕಾರ್ಯಕ್ರಮ ಪಟ್ಟಿಯ ಮೇಲೆ ಕಣ್ಣಿಡಿ. ಇಂಥ ಸಂಗೀತಕ್ಕೆ ಚಿಕ್ಕ ಜಾಗವೇ ವಾಸಿ. ಡ್ರಮ್ಸ್ ಹತ್ತಿರ ಕೂರಿ. ಹದಿನೈದು ನಿಮಿಷ ತಡೆದುಕೊಳ್ಳಿ, ಆಗಲೂ ಹಿಡಿಸದಿದ್ದರೆ ಎದ್ದು ಬನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಡಾಲ್ಫಿ 1964ರ ಜೂನ್ 2ರಂದು ಹಾಲೆಂಡಿನಲ್ಲಿ ಒಂದು ರೆಕಾರ್ಡಿಂಗ್ ಮಾಡಿದರು. ಅದರ ಕೊನೆಯಲ್ಲಿ ಅವರ ಮಾತು ಕೇಳಿಸುತ್ತದೆ: ಸಂಗೀತ ಮುಗಿದ ಮೇಲೆ ಗಾಳಿಯಲ್ಲಿ ಹೋಗಿಬಿಡುತ್ತದೆ, ಅದನ್ನು ಮತ್ತೆ ಹಿಡಿಯಲಾಗದು ಅನ್ನುವ ಅರ್ಥದ್ದು. ಅದೇ ತಿಂಗಳ 29ಕ್ಕೆ ಬರ್ಲಿನ್‌ನಲ್ಲಿ ತೀರಿಕೊಂಡರು, 36ನೇ ವಯಸ್ಸಿಗೆ. ಹಿಡಿಯಲಾಗದು ಅಂದ ಆ ಮಾತನ್ನೇ ಹಿಡಿದಿಟ್ಟುಕೊಂಡು ನಾವು ಸಂಗ್ರಾಹಕರು ತಿರುಗಿಸಿ ತಿರುಗಿಸಿ ಕೇಳುತ್ತೇವೆ. ನಗು ಬಂದರೆ ನಕ್ಕುಬಿಡಿ, ನನಗೂ ಬರುತ್ತದೆ.

ಪತ್ರದ ಕೊನೆಯಲ್ಲಿ ಆ ತಟ್ಟೆಯನ್ನು ಮಾರಿಬಿಡಲಾ ಅಂತ ಕೇಳಿದ್ದೀರಿ. ಹೆಡ್‌ಫೋನ್ ಪ್ರಯೋಗ ಮುಗಿಯುವ ತನಕ ಬೇಡ. ಮುಗಿದ ಮೇಲೂ ಮಾರಬೇಕು ಅನ್ನಿಸಿದರೆ, ಹೊದಿಕೆ ನೋಡಿಕೊಳ್ಳಿ. ಮುಂದೆ ಒಂದು ಕಿಂಡಿ ಕತ್ತರಿಸಿ, ಒಳಗಿನ, ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಅವರ ಚಿತ್ರ ಇಣುಕುವ ಹಾಗೆ ಮೊದಲು ತಂದಿದ್ದರು. ನಿಮ್ಮದರಲ್ಲಿ ಆ ಕಿಂಡಿ ಇದ್ದರೆ ಬೇರೆ ಯಾರಿಗೂ ಹೇಳದೆ ಮೊದಲು ನಮ್ಮ ಪತ್ರಿಕೆಯ ಆಫೀಸಿಗೆ ಒಂದು ಫೋನ್ ಮಾಡಿ. ನನ್ನ ಪ್ರತಿಯ ಹೊದಿಕೆಯನ್ನು ಗೆದ್ದಲು ತಿಂದಿದೆ.

– ಸಂ.