ಜರ್ಮನಿಯ ಲ್ಯಾಬಿಗೆ ಹೊರಟಿರುವ ತಂಗಿಗೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದ ನೀನು ಅಂತಲೇ ಬರೆಯುತ್ತೇನೆ. ಪೌಷ್ಟಿಕಾಂಶ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೀಯ, ಜರ್ಮನಿಯ ಒಂದು ಸಂಶೋಧನಾ ಗುಂಪಿನಲ್ಲಿ ಪಿಎಚ್.ಡಿ.ಗೆ ಆಯ್ಕೆಯಾಗಿದ್ದೀಯ, ಇನ್ನು ಮೂರು ತಿಂಗಳಿಗೆ ಹೊರಡಬೇಕು. ಆ ಸಂಬಳದಲ್ಲಿ ಬದುಕಬಹುದಾ, ಜರ್ಮನ್ ಬಾರದೆ ನಡೆಯುತ್ತದಾ, ಇಲಿಗಳ ಮೇಲೆ ಪ್ರಯೋಗ ಮಾಡಲೇಬೇಕಾ, ಮುಗಿದ ಮೇಲೆ ಮುಂದೇನು ಅಂತ ಕೇಳಿದ್ದೀಯ. ಒಂದೊಂದಾಗಿ ಹೇಳುತ್ತೇನೆ. ಆದರೆ ನೀನು ಕೇಳದೇ ಇರುವ ಒಂದು ವಿಷಯವನ್ನು ಮೊದಲು ಹೇಳಬೇಕು. ಹದಿನೇಳು ವರ್ಷದ ಹಿಂದೆ ನಾನು ಇಲ್ಲಿಗೆ ಬಂದಾಗ ನನಗೆ ಯಾರೂ ಅದನ್ನು ಹೇಳಿರಲಿಲ್ಲ.

ಬಂದ ಮೊದಲ ವರ್ಷ ನಾನು ಯಕೃತ್ತಿನ ಜೀವಕೋಶಗಳನ್ನು ಬೆಳೆಸಿ, ಕೊಬ್ಬಿನಾಮ್ಲ ಹಾಕಿದಾಗ ಅವು ಇನ್ಸುಲಿನ್‌ಗೆ ಹೇಗೆ ಸ್ಪಂದಿಸುತ್ತವೆ ಅಂತ ನೋಡುತ್ತಿದ್ದೆ. ಒಂದು ವಾರ ಚೆಂದದ ಫಲಿತಾಂಶ ಬರುತ್ತಿತ್ತು, ಮುಂದಿನ ವಾರ ಅದೇ ಪ್ರಯೋಗ ತಿರುಗಾಮುರುಗಾ ಆಗುತ್ತಿತ್ತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ವಾರದ ಗ್ರೂಪ್ ಮೀಟಿಂಗಿನಲ್ಲಿ ಚೆಂದ ಬಂದ ಗ್ರಾಫ್ ಮಾತ್ರ ತೋರಿಸಿದೆ. ಗೈಡ್ ಎದುರು "ಆಗುತ್ತಿಲ್ಲ" ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ರಾತ್ರಿ ಹತ್ತರವರೆಗೆ ಕೂತು ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದೆ. ಹೀಗೆ ನಾಲ್ಕು ತಿಂಗಳು ಹೋಯಿತು.

ಕೊನೆಗೆ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಒಬ್ಬರು, ಐವತ್ತು ದಾಟಿದ ಹೆಂಗಸು, ನನ್ನ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ, "ಮೈಕೋಪ್ಲಾಸ್ಮಾ ಟೆಸ್ಟ್ ಕೊನೆಯ ಸಲ ಯಾವಾಗ ಮಾಡಿದ್ದು?" ಅಂತ ಕೇಳಿದರು. ಒಂದು ಸಲವೂ ಮಾಡಿರಲಿಲ್ಲ. ನೀನು ಪುಸ್ತಕದಲ್ಲಿ ಓದಿರುತ್ತೀಯ: ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ ಇಲ್ಲ, ಆದ್ದರಿಂದ ಪೆನಿಸಿಲಿನ್ ಅದಕ್ಕೆ ತಾಗುವುದಿಲ್ಲ. ತೀರಾ ಚಿಕ್ಕದಾದ್ದರಿಂದ ಸಾಮಾನ್ಯ ಫಿಲ್ಟರಿನಲ್ಲೂ ನುಸುಳಿಬಿಡುತ್ತದೆ. ಬೇರೆ ಬ್ಯಾಕ್ಟೀರಿಯಾ ಸೇರಿದರೆ ಮೀಡಿಯಂ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ಕಲಕಿ ಮಬ್ಬಾಗುತ್ತದೆ, ಇದು ಸೇರಿದರೆ ತಿಳಿನೀರಿನಂತೆ ಹಾಗೇ ಇರುತ್ತದೆ. ಒಳಗೊಳಗೇ ಜೀವಕೋಶದ ಚಯಾಪಚಯವನ್ನೆಲ್ಲ ಕೆಡಿಸಿರುತ್ತದೆ. ಪಿಸಿಆರ್ ಮಾಡಿದೆವು, ಪಾಸಿಟಿವ್ ಬಂತು. ನನ್ನ ನಾಲ್ಕು ತಿಂಗಳ ದತ್ತಾಂಶ ಕಸದ ಬುಟ್ಟಿಗೆ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ಇನ್‌ಕ್ಯುಬೇಟರಿನಲ್ಲಿ ತಮ್ಮ ಕೋಶಗಳನ್ನು ಇಟ್ಟಿದ್ದ ಇಬ್ಬರು ಸಹೋದ್ಯೋಗಿಗಳೂ ತಮ್ಮದನ್ನೆಲ್ಲ ನಾಶಮಾಡಿ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಹಳೆಯ ಕೋಶಗಳ ವಯಲ್ ತೆಗೆದು ಮೊದಲಿನಿಂದ ಶುರುಮಾಡಬೇಕಾಯಿತು. ಅವರಲ್ಲಿ ಒಬ್ಬನಿಗೆ ಪ್ರಬಂಧ ಸಲ್ಲಿಸಲು ಆರೇ ತಿಂಗಳು ಬಾಕಿ ಇತ್ತು.

ಗೈಡ್ ಬೈಯುತ್ತಾರೆ ಅಂತ ಕಾದಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎರಡನೇ ವಾರದಲ್ಲೇ ಯಾಕೆ ಹೇಳಲಿಲ್ಲ?" ಇವತ್ತು ನನ್ನ ಗುಂಪಿಗೆ ಹೊಸಬರು ಬಂದಾಗ ನಾನು ಮೊದಲ ದಿನವೇ ಹೇಳುವುದು ಇದನ್ನೇ. ಪ್ರಯೋಗ ಕೈಕೊಟ್ಟರೆ ಇಲ್ಲಿ ಯಾರೂ ನಿನ್ನನ್ನು ಕೀಳಾಗಿ ನೋಡುವುದಿಲ್ಲ, ಮುಚ್ಚಿಟ್ಟರೆ ನೋಡುತ್ತಾರೆ. ಕೈಕೊಟ್ಟ ಪ್ರಯೋಗವನ್ನೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆ. ಪ್ರಕಟವಾದ ಫಲಿತಾಂಶದ ಮೂಲ ದತ್ತಾಂಶವನ್ನು ಸಾಮಾನ್ಯವಾಗಿ 10 ವರ್ಷ ಕಾಯ್ದಿಡಬೇಕು ಅನ್ನುವುದು ಇಲ್ಲಿನ ನಿಯಮ. ಅಂದರೆ ನೀನು ಹೋದ ಮೇಲೂ ಯಾರೋ ಒಬ್ಬರು ಆ ಪುಟ ತಿರುವಿ ನೋಡಬಹುದು. ಬಂದ ಕೂಡಲೇ ಗೈಡ್ ತಮ್ಮನ್ನು ಹೆಸರು ಹಿಡಿದು ಕರೆಯಲು ಹೇಳುತ್ತಾರೆ. ನಿನಗೆ ಒಂದು ವರ್ಷ ನಾಲಿಗೆ ಹೊರಳುವುದಿಲ್ಲ, ಪರವಾಗಿಲ್ಲ. ಆದರೆ ಅವರ ಅಭಿಪ್ರಾಯ ತಪ್ಪು ಅನ್ನಿಸಿದರೆ ಮೀಟಿಂಗಿನಲ್ಲೇ ಹೇಳು. ಗೈಡನ್ನು ಜರ್ಮನ್‌ನಲ್ಲಿ ಡೊಕ್ಟೋರ್‌ಫಾಟರ್ ಅನ್ನುತ್ತಾರೆ, ಡಾಕ್ಟರೇಟಿನ ಅಪ್ಪ ಅಂತ ಅರ್ಥ. ಹೆಂಗಸಾದರೆ ಡೊಕ್ಟೋರ್‌ಮುಟರ್. ಹೆಸರಿನಲ್ಲಿ ಅಪ್ಪ ಅಮ್ಮ ಇದ್ದರೂ ಎದುರು ಮಾತಾಡುವುದನ್ನು ಅವರು ಅಗೌರವ ಅಂತ ತಿಳಿಯುವುದಿಲ್ಲ.

ಈಗ ದುಡ್ಡಿನ ವಿಷಯ. ನಿನಗೆ ಸಿಕ್ಕಿರುವುದು ನೌಕರಿಯ ಕರಾರೋ ಸ್ಟೈಪೆಂಡೋ ಅಂತ ನೀನು ಬರೆದಿಲ್ಲ. ಮೊದಲು ಅದನ್ನು ನೋಡು. ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡುವವರಿಗೆ ಸಾಮಾನ್ಯವಾಗಿ ಇ 13 ಅನ್ನುವ ಸರ್ಕಾರಿ ವೇತನ ಶ್ರೇಣಿ. ಪೂರ್ಣಾವಧಿಗೆ 2025ರಲ್ಲಿ ಮೊದಲ ಹಂತದ ತಿಂಗಳ ಸಂಬಳ ಸುಮಾರು 4,600 ಯೂರೋ. ಆದರೆ ಜೀವವಿಜ್ಞಾನದವರಿಗೆ ಬಹುತೇಕ ಕಡೆ ಕೊಡುವುದು ಅದರ ಶೇಕಡಾ 65, ಕೆಲವೆಡೆ 50. ಶೇಕಡಾ 65 ಅಂದರೆ ಸುಮಾರು 3,000, ತೆರಿಗೆ ಮತ್ತು ವಿಮೆ ಕಳೆದು ಒಂಟಿಯಾಗಿರುವವರ ಕೈಗೆ ಬರುವುದು 2,000ದ ಆಸುಪಾಸು. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಹಿಡಿದರೆ ಒಬ್ಬಳಿಗೆ ಧಾರಾಳ ಸಾಕು, ಮ್ಯೂನಿಕ್‌ನಂಥ ದುಬಾರಿ ಊರಾದರೆ ಬಿಗಿ. ಸಂಬಳದ ಚೀಟಿಯಲ್ಲಿ ಅಷ್ಟೊಂದು ಕಡಿತ ಕಂಡು ಗಾಬರಿಯಾಗಬೇಡ. ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಅದರಲ್ಲೇ ಇದೆ, ಹೆಚ್ಚುಕಡಿಮೆ ಅರ್ಧ ಭಾಗವನ್ನು ಸಂಸ್ಥೆಯೇ ಕಟ್ಟುತ್ತದೆ. ಸ್ಟೈಪೆಂಡ್ ಆದರೆ ಈ ಯಾವುದೂ ಇಲ್ಲ: ಆರೋಗ್ಯ ವಿಮೆ ನೀನೇ ಮಾಡಿಸಬೇಕು, ಪಿಂಚಣಿಗೆ ಒಂದು ಸೆಂಟೂ ಜಮೆಯಾಗುವುದಿಲ್ಲ, ಪಿಎಚ್.ಡಿ. ಮುಗಿದು ಕೆಲಸ ಸಿಗುವವರೆಗೆ ನಿರುದ್ಯೋಗ ಭತ್ಯೆಯೂ ಇಲ್ಲ. ಕೈಗೆ ಬರುವ ಮೊತ್ತ ಎರಡರಲ್ಲೂ ಒಂದೇ ಥರ ಕಂಡರೂ ಕರಾರು ಬಹಳ ಮೇಲು. ಶೇಕಡಾ 65 ಸಂಬಳಕ್ಕೆ ಕೆಲಸವೂ ಶೇಕಡಾ 65 ಅಂತ ಯಾರೂ ನಡೆಸಿದ್ದು ನಾನು ನೋಡಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕರಾರಿದ್ದರೆ ವರ್ಷಕ್ಕೆ 30 ದಿನ ರಜೆ ಇದೆ. ಅದನ್ನು ಉಳಿಸಬೇಡ, ಪೂರ್ತಿ ತೆಗೆದುಕೋ.

ಭಾಷೆ. ಲ್ಯಾಬಿನೊಳಗೆ ಇಂಗ್ಲಿಷ್ ಸಾಕು. ಲ್ಯಾಬಿನ ಬಾಗಿಲು ದಾಟಿದರೆ ಸಾಲದು. ವೀಸಾ ನವೀಕರಿಸುವ ವಿದೇಶಿಯರ ಕಚೇರಿ, ಮನೆ ಮಾಲೀಕರು, ವೈದ್ಯರ ಬಳಿಯ ರಿಸೆಪ್ಷನ್, ಎಲ್ಲ ಜರ್ಮನ್. ಇನ್ನೂ ಮುಖ್ಯವಾಗಿ, ಲ್ಯಾಬನ್ನು ನಿಜವಾಗಿ ನಡೆಸುವ ಟೆಕ್ನಿಷಿಯನ್‌ಗಳು ತಮ್ಮ ಭಾಷೆಯಲ್ಲಿ ಮಾತಾಡಿದಾಗಲೇ ಮನಸ್ಸು ಬಿಚ್ಚುವುದು. ನನ್ನ ಫ್ಲಾಸ್ಕ್ ಹಿಡಿದು ನೋಡಿದ ಆ ಹೆಂಗಸಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗೆ ಮೊದಲೇ ನಾಲ್ಕು ಮಾತು ಜರ್ಮನ್ ಬಂದಿದ್ದರೆ ಮೂರು ತಿಂಗಳು ಮುಂಚೆಯೇ ಅವರನ್ನು ಕೇಳುತ್ತಿದ್ದೆನೇನೋ. ಈಗಿನಿಂದಲೇ ಕಲಿಯಲು ಶುರುಮಾಡು. ಇಲ್ಲಿಗೆ ಬಂದ ಮೇಲೆ ಫೋಕ್ಸ್‌ಹೋಖ್‌ಶೂಲೆ ಅನ್ನುವ ಜನಶಿಕ್ಷಣ ಕೇಂದ್ರಗಳಲ್ಲಿ ಸಂಜೆ ತರಗತಿಗಳು ಕಡಿಮೆ ಖರ್ಚಿನಲ್ಲಿ ಸಿಗುತ್ತವೆ.

ಇಲಿಗಳ ವಿಷಯಕ್ಕೆ ಬರುತ್ತೇನೆ. "ಗೊತ್ತಿದ್ದೂ ಇರುವೆ ತುಳಿದವಳಲ್ಲ, ನನ್ನ ಕೈಯಲ್ಲಿ ಆಗುತ್ತದಾ" ಅಂತ ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿದೆ. ಈ ಅಳುಕು ಇರುವವರೇ ಈ ಕೆಲಸವನ್ನು ಎಚ್ಚರದಿಂದ ಮಾಡುತ್ತಾರೆ ಅಂತ ನಾನು ನಂಬಿದ್ದೇನೆ. ಪ್ರಾಣಿಗಳ ರಕ್ಷಣೆಯನ್ನು 2002ರಲ್ಲಿ ಜರ್ಮನಿಯ ಸಂವಿಧಾನದಲ್ಲೇ ಸೇರಿಸಿದ್ದಾರೆ. ತರಬೇತಿ ಪಡೆಯದೆ ಯಾರೂ ಪ್ರಾಣಿಯ ಮೇಲೆ ಪ್ರಯೋಗ ಮಾಡುವಂತಿಲ್ಲ. ಪ್ರಯೋಗಕ್ಕೆ ಮೊದಲೇ ಅಧಿಕಾರಿಗಳ ಅನುಮತಿ ಪಡೆಯಬೇಕು. ಎಷ್ಟು ಪ್ರಾಣಿ, ಯಾಕೆ ಅಷ್ಟೇ, ಜೀವಕೋಶದಲ್ಲೇ ಯಾಕೆ ಆಗದು, ನೋವಾದರೆ ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸುತ್ತೀರಿ ಅಂತ ಮುಂಚೆಯೇ ಬರೆದುಕೊಡಬೇಕು. ಆ ಅರ್ಜಿಗೇ ತಿಂಗಳುಗಳು ಹಿಡಿಯುತ್ತವೆ. ಇಷ್ಟಾದರೂ ಪ್ರಾಣಿ ಸಾಯುವುದು ಸಾಯುವುದೇ. ನಾನು ಮೂರು ವರ್ಷ ಮಾಡಿ ಬಿಟ್ಟೆ, ಈಗ ಮನುಷ್ಯರ ರಕ್ತದ ಮಾದರಿಗಳ ಮೇಲೆ ಮಾತ್ರ ಕೆಲಸ ಮಾಡುತ್ತೇನೆ. ನಿನಗೆ ಆಗುವುದಿಲ್ಲ ಅನ್ನಿಸಿದರೆ ಬರುವ ಮುಂಚೆಯೇ ಗೈಡ್‌ಗೆ ಪತ್ರ ಬರೆದು ಹೇಳು, ಬಂದ ಮೇಲೆ ಅಲ್ಲ. ಒಂದೇ ಗುಂಪಿನಲ್ಲಿ ಇಲಿಗಳೊಂದಿಗೆ ಕೆಲಸ ಮಾಡುವವರು, ಸಮೀಕ್ಷೆಯ ದತ್ತಾಂಶ ನೋಡುವವರು ಇಬ್ಬರೂ ಇರುವುದು ನಮ್ಮ ಕ್ಷೇತ್ರದಲ್ಲಿ ಸಾಮಾನ್ಯ. ಪ್ರಾಜೆಕ್ಟ್ ಬದಲಿಸಲು ಆಗ ಇನ್ನೂ ಜಾಗ ಇರುತ್ತದೆ.

ಪೌಷ್ಟಿಕಾಂಶದವರಿಗೆ ಈ ದೇಶದಲ್ಲಿ ಇರುವ ನಿಜವಾದ ಸಂಪತ್ತು ಆ ಸಮೀಕ್ಷೆಗಳ ದತ್ತಾಂಶವೇ. ಎಪಿಕ್-ಪಾಟ್ಸ್‌ಡಾಮ್ ಅಧ್ಯಯನಕ್ಕೆ 1994ರಿಂದ 1998ರವರೆಗೆ ಸುಮಾರು 27,500 ಜನರನ್ನು ಸೇರಿಸಿಕೊಂಡರು. ಅವರು ಏನು ತಿನ್ನುತ್ತಾರೆ ಅಂತ ಕೇಳಿ, ರಕ್ತ ತೆಗೆದು ಶೈತ್ಯದಲ್ಲಿಟ್ಟು, ಆಮೇಲೆ ವರ್ಷಾನುಗಟ್ಟಲೆ ಅವರ ಆರೋಗ್ಯವನ್ನು ಹಿಂಬಾಲಿಸಿಕೊಂಡು ಬಂದಿದ್ದಾರೆ. ಡಾರ್ಟ್‌ಮುಂಡ್‌ನಲ್ಲಿ 1985ರಲ್ಲಿ ಶುರುವಾದ ಡೊನಾಲ್ಡ್ ಅಧ್ಯಯನದಲ್ಲಿ ಮಕ್ಕಳನ್ನು ಹಸುಗೂಸಾಗಿದ್ದಾಗಿನಿಂದ ಹಿಡಿದು ದೊಡ್ಡವರಾಗುವವರೆಗೆ ನೋಡುತ್ತಾರೆ. ಮನೆಯವರು ಮೂರು ದಿನ ಮಗು ತಿಂದದ್ದನ್ನೆಲ್ಲ ತಕ್ಕಡಿಯಲ್ಲಿಟ್ಟು ತೂಗಿ ಬರೆದಿಡುತ್ತಾರೆ. 2014ರಿಂದ 2019ರವರೆಗೆ ನಾಕೋ ಅನ್ನುವ ರಾಷ್ಟ್ರೀಯ ಅಧ್ಯಯನ ದೇಶದ 18 ಕೇಂದ್ರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ನಿನ್ನೆ ಏನು ತಿಂದೆ ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ತಿಂದದ್ದಕ್ಕೂ ಹೇಳಿದ್ದಕ್ಕೂ ನಡುವಿನ ಆ ಅಂತರವೇ ನಮ್ಮ ವಿಜ್ಞಾನದ ದೊಡ್ಡ ದೌರ್ಬಲ್ಯ. ತಕ್ಕಡಿ, ಮೂತ್ರ, ರಕ್ತ ಎಲ್ಲ ಅದನ್ನು ತುಂಬಿಕೊಳ್ಳುವ ಪ್ರಯತ್ನ. ಅಂಕಿಅಂಶ ವಿಜ್ಞಾನ ಮತ್ತು ಅದಕ್ಕೆ ಬಳಸುವ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತು ಬಂದರೆ ಮೊದಲ ವರ್ಷದಲ್ಲೇ ನಿನಗೆ ಬೆಲೆ ಬರುತ್ತದೆ.

ಜನರ ರಕ್ತದ ಒಂದು ಮಾದರಿ ಟ್ಯೂಬ್ ಮುಟ್ಟಲು ಹತ್ತು ಫಾರ್ಮ್ ತುಂಬಬೇಕು, ಆಗ ನಿನಗೂ ಸಿಟ್ಟು ಬರುತ್ತದೆ. ಇದರ ಹಿಂದಿರುವುದು ಈ ದೇಶದ್ದೇ ಚರಿತ್ರೆ. 1930ರಲ್ಲಿ ಲ್ಯೂಬೆಕ್ ಊರಿನಲ್ಲಿ ಕ್ಷಯದ ಲಸಿಕೆಗೆ ರೋಗ ತರುವ ಜೀವಾಣು ಸೇರಿಹೋಗಿ 70ಕ್ಕೂ ಹೆಚ್ಚು ಶಿಶುಗಳು ಸತ್ತವು. ಮರುವರ್ಷವೇ, 1931ರಲ್ಲಿ, ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ಕೂಡದು ಅಂತ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಅಂಥ ಮಾರ್ಗಸೂಚಿ ಕಾಗದದ ಮೇಲೆ ಇದ್ದ ದೇಶದಲ್ಲೇ ಆಮೇಲೆ ವೈದ್ಯರು ನಾಜಿ ಶಿಬಿರಗಳಲ್ಲಿ ಕೈದಿಗಳ ಮೇಲೆ ಏನೇನು ಮಾಡಿದರು ಅಂತ ನಿನಗೆ ಗೊತ್ತು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಅದಕ್ಕಾಗಿ 23 ಜನರ ವಿಚಾರಣೆ ನಡೆದು, 1947ರ ತೀರ್ಪಿನಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ನಿಯಮ ಹಾಕಿದ ನ್ಯೂರೆಂಬರ್ಗ್ ಸಂಹಿತೆ ಬಂತು. ಸ್ವಇಚ್ಛೆಯ ಒಪ್ಪಿಗೆ ಅದರ ಮೊದಲ ಸಾಲು. ಇನ್ನೊಂದು ಕಡೆ ನೋಡು, ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ಬಗೆ ಅಂತ ನೀನು ಬಾಯಿಪಾಠ ಮಾಡಿದ ಕ್ರೆಬ್ಸ್ ಚಕ್ರದ ಹಾನ್ಸ್ ಕ್ರೆಬ್ಸ್ ಫ್ರೈಬರ್ಗ್‌ನಲ್ಲಿ ವೈದ್ಯರಾಗಿದ್ದವರು. ಯಹೂದಿ ಅನ್ನುವ ಕಾರಣಕ್ಕೆ 1933ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆ ಚಕ್ರವನ್ನು ಅವರು 1937ರಲ್ಲಿ ಕಂಡುಕೊಂಡದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಒಪ್ಪಿಗೆ ಪತ್ರ ಕೈಗೆತ್ತಿಕೊಂಡಾಗಲೆಲ್ಲ ನನಗೆ ಇದೆಲ್ಲ ನೆನಪಾಗುತ್ತದೆ. ಫಾರ್ಮ್ ತುಂಬಲು ಬೇಸರಪಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಮದುವೆ ಮಾತುಕತೆ ನಡೆಯುತ್ತಿದೆ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ಹೆಂಗಸಾಗಿ ಇದನ್ನು ಹೇಳಲೇಬೇಕು. ಇಲ್ಲಿ ಗರ್ಭಿಣಿಯಾದರೆ ಸಂಸ್ಥೆಗೆ ತಿಳಿಸಿದ ಕ್ಷಣದಿಂದ ತಾಯ್ತನ ರಕ್ಷಣೆಯ ಕಾನೂನು ಶುರುವಾಗುತ್ತದೆ. ವಿಷಕಾರಿ ರಾಸಾಯನಿಕ, ಸೋಂಕು ತರಬಲ್ಲ ಮಾದರಿ, ವಿಕಿರಣ ಯಾವುದರ ಹತ್ತಿರವೂ ಬಿಡುವುದಿಲ್ಲ. ನಮ್ಮಂಥವರಿಗೆ ಅಂದರೆ ಲ್ಯಾಬಿನಲ್ಲಿ ಕೈಯಾರೆ ಮಾಡುವ ಬಹುಪಾಲು ಪ್ರಯೋಗವೇ ನಿಂತಂತೆ. ಹೆರಿಗೆಗೆ 6 ವಾರ ಮುಂಚೆ, ಆಮೇಲೆ 8 ವಾರ ರಜೆ. ಪ್ರಯೋಗ ನಿಂತುಹೋಗುತ್ತದೆ ಅನ್ನುವ ಭಯಕ್ಕೆ ಕೆಲವರು ತಿಂಗಳುಗಟ್ಟಲೆ ಮುಚ್ಚಿಡುವುದನ್ನು ನೋಡಿದ್ದೇನೆ. ನಾನು ಏಳನೇ ವಾರದಲ್ಲೇ ಹೇಳಿದೆ. ಆ ಮೈಕೋಪ್ಲಾಸ್ಮಾ ಕಲಿಸಿದ ಪಾಠ ಅಲ್ಲಿ ನೆರವಾಯಿತು. ಗೈಡ್ ಅದೇ ವಾರ ಕೆಲಸ ಹಂಚಿದರು, ಅದೇ ಟೆಕ್ನಿಷಿಯನ್ ನನ್ನ ಪ್ರಯೋಗಗಳನ್ನು ನಡೆಸಿಕೊಟ್ಟರು, ನಾನು ಕೂತು ವಿಶ್ಲೇಷಣೆ ಮತ್ತು ಬರವಣಿಗೆ ಮಾಡಿದೆ. ನನ್ನ ಪ್ರಬಂಧದ ಎರಡು ಅಧ್ಯಾಯ ಬರೆದದ್ದು ಆಗಲೇ.

ಮುಂದೇನು ಅಂತ ಕೇಳಿದ್ದೀಯ, ಇಲ್ಲಿ ಸಿಹಿ ಮಾತು ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಅವಧಿ ಕರಾರಿನ ಮೇಲೆ ಪಿಎಚ್.ಡಿ.ಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ, ವೈದ್ಯಕೀಯದಲ್ಲಿ ಆಮೇಲೆ 9 ವರ್ಷ ದುಡಿಸಿಕೊಳ್ಳಲು ಕಾನೂನು ಬಿಡುತ್ತದೆ. ಮಗುವಾದರೆ ಒಂದು ಮಗುವಿಗೆ 2 ವರ್ಷದಂತೆ ಮಿತಿ ಹಿಗ್ಗುತ್ತದೆ. ಅಷ್ಟರಲ್ಲಿ ಕಾಯಂ ಹುದ್ದೆ ಸಿಗದಿದ್ದರೆ ಹಾದಿ ಬಹುಮಟ್ಟಿಗೆ ಮುಚ್ಚಿದಂತೆ, ಕಾಯಂ ಹುದ್ದೆಗಳೋ ಬೆರಳೆಣಿಕೆ. ಈ ಕಾನೂನನ್ನು ಹೊಗಳಲು ಇಲ್ಲಿನ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಹನ್ನಾ ಅನ್ನುವ ಕಾಲ್ಪನಿಕ ಜೀವವಿಜ್ಞಾನಿಯ ವಿಡಿಯೋ ಮಾಡಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು "ಇಷ್ ಬಿನ್ ಹನ್ನಾ", ನಾನೇ ಹನ್ನಾ, ಅಂತ ತಮ್ಮ ಕಥೆ ಬರೆದು ಪ್ರತಿಭಟಿಸಿದರು. ನಾನೂ ಬರೆದೆ. ನನಗೆ ಕಾಯಂ ಕೆಲಸ ಸಿಕ್ಕಿದ್ದು ಪಿಎಚ್.ಡಿ. ಮುಗಿದು ಏಳು ವರ್ಷಕ್ಕೆ. ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಇಬ್ಬರಿಗೆ ಸಿಗಲಿಲ್ಲ. ಅವರು ಔಷಧ ಕಂಪನಿಗಳಿಗೆ ಹೋದರು, ಚೆನ್ನಾಗಿದ್ದಾರೆ. ಎರಡನೇ ವರ್ಷದಿಂದಲೇ ಆ ಬಾಗಿಲನ್ನೂ ತಟ್ಟುತ್ತಿರು.

ಚಳಿಗಾಲಕ್ಕೆ ಮುಂಚೆ ಒಂದು ಮಾತು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಬಿಸಿಲಿಗೆ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ, ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲು ಇನ್ನೂ ಹೆಚ್ಚು ಬೇಕು. ಬಿಸಿಲಿಲ್ಲದಾಗ ದಿನಕ್ಕೆ 20 ಮೈಕ್ರೋಗ್ರಾಂ ಅನ್ನುವುದು ಇಲ್ಲಿನ ಪೌಷ್ಟಿಕಾಂಶ ಸಂಘದ ಲೆಕ್ಕ. ನೀನು ಸಸ್ಯಾಹಾರಿ, ಬಿ12 ಕೂಡ ನೋಡಿಸು. ಎರಡನ್ನೂ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದ ನಾನು ಎರಡನೇ ಚಳಿಗಾಲದಲ್ಲಿ ಮೆಟ್ಟಿಲು ಹತ್ತಲಾರದಷ್ಟು ಸುಸ್ತಾದ ಮೇಲೆ ರಕ್ತ ಪರೀಕ್ಷೆಗೆ ಹೋದೆ. ಮನಸ್ಸು ಕುಗ್ಗಿದರೆ ವಿದ್ಯಾರ್ಥಿಗಳ ಆಪ್ತಸಲಹಾ ಕೇಂದ್ರಗಳಿವೆ, ಮಾತಾಡಲು ನಾನಿದ್ದೇನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಆದರೆ ಜೀವಕೋಶಗಳಿಗೆ ಭಾನುವಾರ ಇಲ್ಲ, ಮೀಡಿಯಂ ಬದಲಿಸಲೇಬೇಕು. ಖಾಲಿ ಕಟ್ಟಡದಲ್ಲಿ ಗಾಳಿ ಶುದ್ಧಿಮಾಡುವ ಹುಡ್‌ನ ಗುಂಯ್ ಸದ್ದು ಕೇಳುತ್ತಾ ಒಬ್ಬಳೇ ಕೂತಾಗ ಬಹಳ ಒಂಟಿ ಅನ್ನಿಸುತ್ತದೆ. ಆ ಭಾನುವಾರಗಳನ್ನು ಇನ್ನೊಬ್ಬರೊಂದಿಗೆ ಸರದಿಯಲ್ಲಿ ಹಂಚಿಕೋ. ನಿನ್ನ ವಾರ ಅವರದ್ದನ್ನೂ ನೀನು ನೋಡು, ಅವರ ವಾರ ನಿನ್ನದನ್ನು ಅವರು ನೋಡಲಿ.

ನಿನಗೆ ಬಂದಿರುವ ಕಾಗದವನ್ನು ತೆಗೆದು ಮೂರು ವಿಷಯ ನೋಡಿ ಬರೆ: ನೌಕರಿಯ ಕರಾರೋ ಸ್ಟೈಪೆಂಡೋ, ಶೇಕಡಾ ಎಷ್ಟು, ಎಷ್ಟು ವರ್ಷಕ್ಕೆ. ಗೈಡ್‌ಗೆ ಇಲಿಗಳ ಬಗ್ಗೆ ಬರೆಯುವ ಪತ್ರದ ಕರಡನ್ನೂ ಜೊತೆಗೆ ಕಳಿಸು, ಈ ಶನಿವಾರ ಕೂತು ಓದುತ್ತೇನೆ.