ಪಿಕಪ್ ಗಾಡಿಗೆ ಮೊದಲು ಲಿಫ್ಟ್ ಕಿಟ್ಟೋ, ದೊಡ್ಡ ಟೈರೋ?

ನಿಮ್ಮ ಪಿಕಪ್‌ನಲ್ಲಿ ಈಗ 265/70 ಆರ್ 17 ಅಳತೆಯ ಟೈರುಗಳಿವೆ. 285/70 ಆರ್ 17 ಅಥವಾ ಅದಕ್ಕಿಂತ ದೊಡ್ಡದನ್ನು ಹಾಕಿಸುವ ಆಸೆಯಿದೆ, ಅದಕ್ಕೆ ಮೊದಲು ಗಾಡಿಯನ್ನು ಎರಡು ಇಂಚು ಎತ್ತರಿಸುವ ಕಿಟ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕಿಟ್ಟನ್ನು ಈಗಲೇ ಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಮೊದಲು ಟೈರಿನ ಅಳತೆ ತೀರ್ಮಾನವಾಗಲಿ, ಹಿಂಭಾಗದಲ್ಲಿ ದಿನವೂ ಎಷ್ಟು ಭಾರವಿರುತ್ತದೆ ಎಂಬುದು ಗೊತ್ತಾಗಲಿ. ಸಸ್ಪೆನ್ಷನ್ನಿನ, ಅಂದರೆ ಗಾಡಿಯನ್ನು ಹೊರುವ ಸ್ಪ್ರಿಂಗ್ ಮತ್ತು ಶಾಕ್‌ಗಳ, ಆಯ್ಕೆ ಅವೆರಡರ ಹಿಂದೆ ಬರಬೇಕು.

ಟೈರಿನ ಮೇಲೆ ಬರೆದಿರುವ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಆ ಲೆಕ್ಕದಲ್ಲಿ ನಿಮ್ಮ ಈಗಿನ ಟೈರಿನ ವ್ಯಾಸ ಸುಮಾರು 803 ಮಿ.ಮೀ., ಹೊಸದರದು 831 ಮಿ.ಮೀ. ವ್ಯಾಸ 28 ಮಿ.ಮೀ. ಹೆಚ್ಚಿದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 14 ಮಿ.ಮೀ.; ಹೆಚ್ಚುಕಡಿಮೆ ಕಿರುಬೆರಳಿನ ಅಗಲದಷ್ಟು. ಲಿಫ್ಟ್ ಕಿಟ್ ಚಾಸಿಯನ್ನು ಎತ್ತುತ್ತದೆಯೇ ಹೊರತು ಹಿಂದಿನ ಡಿಫರೆನ್ಷಿಯಲ್ ಗುಂಡನ್ನು (ಹಿಂದಿನ ಆಕ್ಸಲ್ಲಿನ ನಡುವೆ ಗೇರುಗಳಿರುವ ಉಬ್ಬು) ಎತ್ತುವುದಿಲ್ಲ, ಅದು ನೆಲದಿಂದ ಮೇಲೇಳುವುದು ಟೈರು ದೊಡ್ಡದಾದಾಗಲೇ. ಕಲ್ಲು ತಗುಲುತ್ತಿರುವುದು ಆ ಗುಂಡಿಗಾದರೆ ಎರಡಿಂಚಿನ ಕಿಟ್ಟಿಗೆ ಕೊಟ್ಟ ಹಣ ನೋಟಕ್ಕಷ್ಟೇ ಸಂದಂತೆ.

ವ್ಯಾಸ ಶೇ. 3.5ರಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಅಷ್ಟೇ ಪಾಲು ವೇಗವಾಗಿ ಓಡುತ್ತಿರುತ್ತದೆ. ಓಡಿದ ದೂರವೂ ಮೀಟರಿನಲ್ಲಿ ಕಡಿಮೆ ದಾಖಲಾಗುವುದರಿಂದ, ಮೈಲೇಜ್ ಕುಸಿಯಿತೆಂದು ಗಾಬರಿಪಡುವವರ ದೂರಿನಲ್ಲಿ ಸ್ವಲ್ಪ ಪಾಲು ಬರಿಯ ಲೆಕ್ಕದ ತಪ್ಪು. ಇಷ್ಟು ಹೆಚ್ಚಳಕ್ಕೆ ಆಕ್ಸಲ್ಲಿನ ಗೇರ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಬದಲಿಸುವ ಅಗತ್ಯವಿಲ್ಲ. 35 ಇಂಚಿನ ಟೈರಿಗೆ ಹೋದರೆ ಮಾತು ಬೇರೆ: ಆಗ ವ್ಯಾಸ ಶೇ. 10ಕ್ಕಿಂತ ಹೆಚ್ಚಾಗುತ್ತದೆ, ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ, ಮೂಲ ಅನುಪಾತ 3.73 ಇದ್ದರೆ 4.10ಕ್ಕೆ ಬದಲಿಸಿದ ಮೇಲಷ್ಟೇ ಹಿಂದಿನ ಎಳೆತ ಬಹುಮಟ್ಟಿಗೆ ಮರಳುತ್ತದೆ. ಬ್ರೇಕಿನ ಮೇಲೂ ಹೊರೆ ಬೀಳುತ್ತದೆ. ನಾನಾದರೆ ಅಲ್ಲಿಗೆ ಹೋಗುವುದಿಲ್ಲ.

ಟೈರು ಎಲ್ಲಿ ಉಜ್ಜುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಟೈರು ಹಾಳು ಮಾಡಿಕೊಂಡು. 285/70 ಅಳತೆಯ ಟೈರುಗಳನ್ನು ಹಾಕಿಸಿ, ಸಮತಟ್ಟಾದ ನೆಲದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗಲಿಲ್ಲವೆಂದು ನೆಮ್ಮದಿಯಿಂದ ಹೊರಟಿದ್ದೆ. ವಾರದೊಳಗೆ, ತಿರುವಿನಲ್ಲಿ ಮುಂದಿನ ಚಕ್ರ ಗುಂಡಿಗೆ ಇಳಿದು ಮೇಲೆದ್ದಾಗ ಗರಗಸ ಎಳೆದಂಥ ಸದ್ದು ಬಂತು. ಇಳಿದು ನೋಡಿದರೆ ಚಕ್ರದ ಹಿಂಬದಿಯ ಬಾಡಿ ಮೌಂಟಿನ (ಬಾಡಿಯನ್ನು ಚಾಸಿಗೆ ಕೂರಿಸುವ ಜಾಗ) ಅಂಚಿನಲ್ಲಿ ಕಪ್ಪು ರಬ್ಬರ್ ಮೆತ್ತಿಕೊಂಡಿತ್ತು, ಒಳಗಿನ ಪ್ಲಾಸ್ಟಿಕ್ ಹೊದಿಕೆ ಸುರುಳಿಯಾಗಿ ಎದ್ದಿತ್ತು, ಟೈರಿನ ಭುಜದಿಂದ ಒಂದು ಚೂರು ಹಾರಿಹೋಗಿತ್ತು. ಸ್ಟೀರಿಂಗ್ ತಿರುಗಿಸುವುದು, ಸ್ಪ್ರಿಂಗ್ ಕುಗ್ಗುವುದು ಎರಡೂ ಒಟ್ಟಿಗೆ ಆಗುವ ಸ್ಥಿತಿಯಲ್ಲಿ ಪರೀಕ್ಷಿಸಬೇಕಿತ್ತು. ಅಲ್ಲದೆ ಅಂದಕ್ಕೆಂದು ನಾನು ಆರಿಸಿದ್ದ ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಮೂಲದ್ದಕ್ಕಿಂತ 30 ಮಿ.ಮೀ. ಕಡಿಮೆಯಿದ್ದು, ಚಕ್ರ ಅಷ್ಟೇ ಹೊರಗೆ ಚಾಚಿಕೊಂಡು ತಿರುಗುವಾಗ ದೊಡ್ಡ ಕಮಾನು ಬರೆಯುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಮೂಲ ರಿಮ್ಮನ್ನೇ ಉಳಿಸಿಕೊಂಡರೆ ಈ ಗೋಳು ಅರ್ಧ ಕಡಿಮೆಯಾಗುತ್ತದೆ.

ಇನ್ನು ಸಸ್ಪೆನ್ಷನ್. ಹಳೆಯ ಸ್ಪ್ರಿಂಗಿಗೇ ತುಂಡು ಸೇರಿಸಿ ಎತ್ತರಿಸುವ ಅಗ್ಗದ ಸ್ಪೇಸರ್ ಕಿಟ್ ಗಾಡಿಯನ್ನು ಎತ್ತುತ್ತದೆ, ಆದರೆ ಶಾಕ್ ಅಬ್ಸಾರ್ಬರಿನ ಗುಣ ಹಳೆಯದೇ ಇರುತ್ತದೆ. ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯನ್ನು ಎತ್ತರಿಸಿದಷ್ಟೂ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟು (ಶಾಫ್ಟ್ ಬಾಗಿದರೂ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು), ಚಕ್ರವನ್ನು ಚಾಸಿಗೆ ಹಿಡಿದಿಡುವ ಮೇಲಿನ ಕಂಟ್ರೋಲ್ ಆರ್ಮಿನ ಬಾಲ್ ಜಾಯಿಂಟು ಹೆಚ್ಚು ಓರೆಯಾಗಿ ದುಡಿಯಬೇಕಾಗುತ್ತದೆ. ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ತಗ್ಗಿ, ಹೆದ್ದಾರಿಯಲ್ಲಿ ಸ್ಟೀರಿಂಗ್ ಅತ್ತಿತ್ತ ಅಲೆದಾಡುತ್ತದೆ. ಎತ್ತರಿಸಲೇಬೇಕೆಂದರೆ ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಜೋಡಿಯಾಗಿ ಬದಲಿಸುವ ಕಿಟ್ ತೆಗೆದುಕೊಳ್ಳಿ. ಕ್ಯಾಸ್ಟರ್ ಸರಿಬಾರದಿದ್ದರೆ ಕಂಟ್ರೋಲ್ ಆರ್ಮನ್ನೂ ಬದಲಿಸಬೇಕಾದೀತು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸದೆ ಗಾಡಿಯನ್ನು ದೂರ ಓಡಿಸಬೇಡಿ, ಹೆಡ್‌ಲೈಟ್ ತಗ್ಗಿಸುವುದನ್ನೂ ಮರೆಯಬೇಡಿ.

ಹಿಂಬದಿಯ ಲೀಫ್ ಸ್ಪ್ರಿಂಗನ್ನು (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಸದಾ ಇರುವ ಭಾರಕ್ಕೆ ತಕ್ಕಂತೆ ಆರಿಸಬೇಕು. 300 ಕಿಲೋ ಭಾರಕ್ಕೆಂದು ಮಾಡಿದ್ದನ್ನು ಖಾಲಿ ಗಾಡಿಗೆ ಹಾಕಿದರೆ ಹಿಂಭಾಗ ಕತ್ತೆಯಂತೆ ಒದೆಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ತಯಾರಕರು ಹೇಳಿದ ಗರಿಷ್ಠ ತೂಕದ ಮಿತಿಯೂ ಹೆಚ್ಚುವುದಿಲ್ಲ, ಏಕೆಂದರೆ ಚಾಸಿ, ಆಕ್ಸಲ್, ಬ್ರೇಕು ಹಳೆಯವೇ. ಟೈರಿನ ಭಾರ ಸೂಚ್ಯಂಕವನ್ನೂ ನೋಡಿ: 112 ಎಂದರೆ ಒಂದು ಟೈರಿಗೆ 1120 ಕಿಲೋ, 121 ಎಂದರೆ 1450 ಕಿಲೋ. ಮೂಲ ಟೈರಿಗಿಂತ ಕಡಿಮೆ ಸೂಚ್ಯಂಕದ್ದನ್ನು ಕೊಳ್ಳಲೇಬೇಡಿ.

ಕೊಳ್ಳುವಾಗ ಸ್ಟೆಪ್ನಿಯೂ ಸೇರಿ ಐದು ಟೈರು ಬೇಕು, ದೊಡ್ಡ ಸ್ಟೆಪ್ನಿ ಗಾಡಿಯ ಅಡಿಯಲ್ಲಿ ಹಿಡಿಸುತ್ತದೆಯೇ ಎಂದು ಅಳೆದು ನೋಡಿ. ನಿಮ್ಮ ಗಾಡಿಯನ್ನು ಖಾಲಿಯಾಗಿ ಒಮ್ಮೆ, ಎಂದಿನ ಸಾಮಾನು ತುಂಬಿ ಒಮ್ಮೆ ತೂಗಿಸಿ, ಹಿಂದಿನ ಆಕ್ಸಲ್ಲಿನ ಮೇಲೆ ಬೀಳುವ ತೂಕವನ್ನು ಇಲ್ಲಿ ಬರೆದರೆ ಯಾವ ದರ್ಜೆಯ ಸ್ಪ್ರಿಂಗ್ ಹೊಂದುತ್ತದೆ ಎಂದು ಹೇಳಬಲ್ಲೆ.