ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಲಾ ಪ್ರಯೋಗಾಲಯದಲ್ಲಿ ಸುರಕ್ಷತೆ

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ. ಪ್ರಯೋಗಾಲಯವೆಂದರೆ ಒಂದು ಕೊಠಡಿ, ಎರಡು ಮೇಜು, ನಲ್ಲಿ ಇಲ್ಲ. ಹೋದ ವರ್ಷ ಸಾರಯುತ (ಗಾಢ) ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬೆರೆಸುವಾಗ ಅದು ಸಿಡಿದು ಸಹೋದ್ಯೋಗಿಯೊಬ್ಬರ ಸೀರೆ ಸುಟ್ಟುಹೋಯಿತು. ಅಂದಿನಿಂದ ಪ್ರಯೋಗಗಳನ್ನೇ ನಿಲ್ಲಿಸಿದ್ದೇವೆ. ಹೆಚ್ಚು ಖರ್ಚಿಲ್ಲದೆ ಮತ್ತೆ ಆರಂಭಿಸುವುದು ಹೇಗೆ?
– ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಪ್ರಯೋಗಗಳನ್ನು ನಿಲ್ಲಿಸಬೇಡಿ, ನಿಮ್ಮಲ್ಲಿ ನಡೆದ ಅವಘಡವನ್ನು ತಪ್ಪಿಸಲು ಹಣ ಬೇಕಿಲ್ಲ. ಸಾರಯುತ ಸಲ್ಫ್ಯೂರಿಕ್ ಆಮ್ಲವು ನೀರಿಗಿಂತ ಸುಮಾರು 1.84 ಪಟ್ಟು ಸಾಂದ್ರವಾಗಿದ್ದು, ನೀರಿನೊಡನೆ ಬೆರೆತಾಗ ಬಹಳಷ್ಟು ಶಾಖವನ್ನು ಹೊರಹಾಕುತ್ತದೆ. ಆಮ್ಲದ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲ್ಭಾಗದಲ್ಲೇ ಉಳಿದು, ಅಲ್ಲಿಯೇ ಕುದಿದು, ಆಮ್ಲದ ಹನಿಗಳನ್ನೂ ಎತ್ತಿಕೊಂಡು ಸಿಡಿಯುತ್ತದೆ. ಬದಲಿಗೆ ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ, ಗಾಜಿನ ಕಡ್ಡಿಯಿಂದ ಕದಡುತ್ತ ಹೋದರೆ ಆಮ್ಲ ಕೆಳಗಿಳಿದು ಶಾಖ ಇಡೀ ನೀರಿಗೆ ಹಂಚಿಹೋಗುತ್ತದೆ. ಬೀಕರನ್ನು ತಣ್ಣೀರಿನ ಬೇಸನ್‌ನಲ್ಲಿ ಇಟ್ಟುಕೊಳ್ಳಿ. ಈ ಕೆಲಸವನ್ನು ಮಕ್ಕಳು ಸುತ್ತ ನಿಂತಿರುವಾಗ ಮಾಡದೆ, ಸುರಕ್ಷತಾ ಕನ್ನಡಕ ಧರಿಸಿ ಹಿಂದಿನ ದಿನವೇ ಮುಗಿಸಿಡುವುದು ಒಳ್ಳೆಯದು. ಸತು ಮತ್ತು ಆಮ್ಲದಂತಹ ಪ್ರಯೋಗಗಳಿಗೆ ತರಗತಿಯಲ್ಲಿ ಬೇಕಾಗುವುದು ಹೀಗೆ ನೀರು ಬೆರೆತ ಸಾರರಿಕ್ತ ಆಮ್ಲ ಮಾತ್ರ. ಸಾರಯುತ ಆಮ್ಲದ ಬಾಟಲಿ ಬೀಗ ಹಾಕಿದ ಬೀರುವಿನ ಕೆಳಗಿನ ಅರೆಯಲ್ಲಿರಲಿ.

ಅದೇ ಸತುವಿನ ಪ್ರಯೋಗದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಹೈಡ್ರೋಜನ್ ಉತ್ಪತ್ತಿಯಾಗುತ್ತಿರುವ ಫ್ಲಾಸ್ಕಿನ ಬಾಯಿಗೆ ಉರಿಯುವ ಕಡ್ಡಿಯನ್ನು ಹಿಡಿಯಲೇಬಾರದು, ಏಕೆಂದರೆ ಒಳಗೆ ಗಾಳಿಯೂ ಉಳಿದಿದ್ದರೆ ಆ ಮಿಶ್ರಣ ಸ್ಫೋಟಿಸಿ ಗಾಜು ಚೂರಾಗುತ್ತದೆ. ಅನಿಲವನ್ನು ಸಾಬೂನು ನೀರಿನ ಮೂಲಕ ಹಾಯಿಸಿ, ಫ್ಲಾಸ್ಕಿನಿಂದ ದೂರದಲ್ಲಿ ಒಂದೊಂದೇ ಗುಳ್ಳೆಗೆ ಕಡ್ಡಿ ತಾಕಿಸಿದರೆ ‘ಪಾಪ್’ ಶಬ್ದವೂ ಕೇಳಿಸುತ್ತದೆ, ಅಪಾಯವೂ ದೂರವಾಗುತ್ತದೆ.

ನಲ್ಲಿ ಇಲ್ಲದಿರುವುದು ನಿಮ್ಮ ನಿಜವಾದ ಕೊರತೆ. ಸಮಾರಂಭಗಳಲ್ಲಿ ಕುಡಿಯುವ ನೀರಿಗೆಂದು ಇಡುವ, ಕೆಳಗೆ ನಲ್ಲಿಯಿರುವ 20 ಲೀಟರ್ ಡ್ರಮ್ಮುಗಳು ಎರಡಾದರೂ ಇರಲಿ. ಪ್ರತಿ ಪ್ರಯೋಗದ ದಿನ ಶುದ್ಧ ನೀರು ತುಂಬಿಸಿ ಎತ್ತರದ ಸ್ಟೂಲಿನ ಮೇಲಿಡಿ. ಜೊತೆಗೆ ಒಣ ಮರಳಿನ ಬಕೆಟ್, ದಪ್ಪನೆಯ ಹತ್ತಿ ಕಂಬಳಿ ಕೈಗೆಟುಕುವಂತಿರಲಿ. ಸ್ಪಿರಿಟ್ ದೀಪಕ್ಕೆ ಉರಿಯುತ್ತಿರುವಾಗ ಸ್ಪಿರಿಟ್ ತುಂಬಬಾರದು. ಹಗಲಿನ ಬೆಳಕಿನಲ್ಲಿ ಅದರ ಜ್ವಾಲೆ ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ಮುಚ್ಚಳದಿಂದ ಆರಿಸಿ, ಪೂರ್ತಿ ತಣ್ಣಗಾದ ಮೇಲೆಯೇ ತುಂಬಬೇಕು. ಖಾಲಿ ನೀರಿನ ಬಾಟಲಿಗಳಲ್ಲಿ ರಾಸಾಯನಿಕ ಇಡುವ ಅಭ್ಯಾಸ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ: ಸಾರರಿಕ್ತ ಆಮ್ಲ ನೋಡಲು ನೀರಿನಂತೆಯೇ ಇರುತ್ತದೆ, ಬಾಯಾರಿದ ಮಗು ಚೀಟಿ ಓದಿ ಕುಡಿಯುವುದಿಲ್ಲ.

ಪ್ರಶ್ನೆ: ನನ್ನ ಮಗನ ಕಣ್ಣಿಗೆ ಪ್ರಯೋಗಾಲಯದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸಿಡಿಯಿತು. ಯಾರೋ ನಿಂಬೆರಸ ಹಾಕಿದರೆ ತಟಸ್ಥವಾಗುತ್ತದೆ ಎಂದರಂತೆ. ಶಿಕ್ಷಕರು ಒಪ್ಪದೆ ನೀರಿನಿಂದಲೇ ತೊಳೆಸಿದರು. ಈಗ ಅವನು ಗುಣವಾಗಿದ್ದಾನೆ. ಯಾವುದು ಸರಿ?
– ಪೋಷಕರು, ತುಮಕೂರು

ಉತ್ತರ: ಆ ಶಿಕ್ಷಕರಿಗೆ ಕೃತಜ್ಞತೆ ಹೇಳಿ. ತಟಸ್ಥೀಕರಣವೂ ಶಾಖ ಹೊರಹಾಕುವ (ಬಹಿರುಷ್ಣಕ) ಕ್ರಿಯೆಯೇ ಆದುದರಿಂದ, ಗಾಯಗೊಂಡ ಕಣ್ಣಿಗೆ ಶಾಖದ ಪೆಟ್ಟೂ ಬೀಳುತ್ತದೆ. ನಿಂಬೆರಸದ ಉರಿ ಬೇರೆ. ಸೋಡಿಯಂ ಹೈಡ್ರಾಕ್ಸೈಡ್‌ನಂತಹ ಪ್ರತ್ಯಾಮ್ಲವನ್ನು ಆಮ್ಲಕ್ಕಿಂತ ಸೌಮ್ಯವೆಂದು ಬಹಳ ಜನ ಭಾವಿಸುತ್ತಾರೆ, ಆದರೆ ಕಣ್ಣಿನ ವಿಷಯದಲ್ಲಿ ಸಾಮಾನ್ಯವಾಗಿ ಅದೇ ಹೆಚ್ಚು ಕ್ರೂರ: ಆಮ್ಲವು ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ತನ್ನ ದಾರಿಗೆ ತಾನೇ ಸ್ವಲ್ಪ ತಡೆ ಒಡ್ಡಿಕೊಂಡರೆ, ಪ್ರತ್ಯಾಮ್ಲವು ಕೊಬ್ಬನ್ನು ಕರಗಿಸುತ್ತ ಒಳಗಿಳಿಯುತ್ತಲೇ ಹೋಗುತ್ತದೆ. ಹಾಗಾಗಿ ಒಂದು ಕ್ಷಣವೂ ತಡಮಾಡದೆ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಕನಿಷ್ಠ 15ರಿಂದ 20 ನಿಮಿಷ ಮೆಲ್ಲಗೆ ಹರಿಯುವ ನೀರಿನಲ್ಲಿ ತೊಳೆಯಬೇಕು. ನೀರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ತಲೆ ವಾಲಿಸಿದರೆ ಇನ್ನೊಂದು ಕಣ್ಣಿಗೆ ದ್ರಾವಣ ಹೋಗದು. ಉರಿ ಕಡಿಮೆಯಾಯಿತೆಂದು ಅಲ್ಲಿಗೇ ಬಿಡದೆ, ದ್ರಾವಣದ ಹೆಸರು ಬರೆದ ಚೀಟಿಯೊಂದಿಗೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಿಸಿ ಪ್ರನಾಳ ತಾಗಿ ಕೈ ಸುಟ್ಟಾಗಲೂ ಬೇಕಾದುದು 20 ನಿಮಿಷದ ತಣ್ಣನೆಯ ನೀರೇ. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ತುಪ್ಪ, ಶಾಯಿ ಯಾವುದನ್ನೂ ಹಚ್ಚಬೇಡಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಆಕ್ಸಾಲಿಕ್ ಆಮ್ಲವನ್ನು ದ್ರವ ಅಳೆಯುವ ಗಾಜಿನ ಕೊಳವೆಯಾದ ಪಿಪೆಟ್‌ಗೆ ಬಾಯಿಯಿಂದಲೇ ಎಳೆಯುತ್ತೇವೆ. ಪರೀಕ್ಷೆಯಲ್ಲಿ ದ್ರವ ಎಳೆಯುವ ರಬ್ಬರ್ ಬಲ್ಬ್ ಬಳಸಿದರೆ ಹೊತ್ತು ಸಾಲುವುದಿಲ್ಲವೆಂಬ ಭಯ.
– ಶಿವಮೊಗ್ಗ

ಉತ್ತರ: ಆಕ್ಸಾಲಿಕ್ ಆಮ್ಲ ವಿಷಕಾರಿ, ಅದನ್ನು ಬಾಯಿಯಿಂದ ಎಳೆಯಬಾರದು, ಬೇರೆ ಯಾವ ದ್ರಾವಣವನ್ನೂ ಎಳೆಯಬಾರದು. ಪಿಪೆಟ್‌ನ ತುದಿ ದ್ರಾವಣದಿಂದ ಮೇಲೆ ಬಂದ ಕ್ಷಣ ಗಾಳಿ ಒಳನುಗ್ಗಿ ದ್ರವ ನೇರ ಬಾಯಿಗೆ ಬರುತ್ತದೆ, ಅವಸರದಲ್ಲಿ ಆಗುವುದೇ ಹಾಗೆ. ಬಲ್ಬನ್ನು ಬರೀ ನೀರಿನೊಡನೆ ಒಂದು ಸಂಜೆ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ. ದ್ರಾವಣ ಇಳಿದ ಮೇಲೆ ಕೊನೆಯ ಹನಿಯನ್ನು ಊದುವ ಅಗತ್ಯವೂ ಇಲ್ಲ; ನೀವು ಬಳಸುವ ಸಾಮಾನ್ಯ ಪಿಪೆಟ್‌ನ ಅಳತೆಯನ್ನು ಆ ಹನಿ ಒಳಗೇ ಉಳಿಯುತ್ತದೆಂದು ಲೆಕ್ಕ ಹಾಕಿಯೇ ಗುರುತಿಸಿರುತ್ತಾರೆ. ತುದಿಯನ್ನು ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ ತೆಗೆದರೆ ಸಾಕು.